ಸಂಪುಟ ಆಮೇಲೆ, ಮೊದಲು ಮನೆ ಹುಡುಕಿ

ಪ್ರಶ್ನೆ: ನಾನು ಡೊಂಬಿವಲಿಯವಳು. ಫೋರ್ಟ್ ಕಡೆ ಬ್ಯಾಂಕಿನಲ್ಲಿ ಕೆಲಸ. ಲೋಕಲ್ ಟ್ರೇನಿನಲ್ಲಿ ಹೋಗಿ ಬರುವಾಗ ದಿನಕ್ಕೆ ಎರಡೂವರೆ ಗಂಟೆ ಓದಲು ಸಿಗುತ್ತದೆ. ಈಚೆಗೆ ಎಲಿಜಬೆತ್ ಜೇನ್ ಹೋವರ್ಡ್ ಬರೆದ ಕ್ಯಾಜಲೆಟ್ ಕುಟುಂಬದ ಐದು ಸಂಪುಟ ಮುಗಿಸಿದೆ. ಈಗ ಮನೆ ತುಂಬ ಇದ್ದ ನೆಂಟರೆಲ್ಲ ಒಟ್ಟಿಗೆ ಹೊರಟುಹೋದ ಹಾಗೆ ಆಗಿದೆ. ಇಂಥದ್ದೇ, ಭಾಗ ಭಾಗವಾಗಿ ಬರುವ ಒಂದು ಮನೆತನದ ಕಥೆ ಕನ್ನಡದಲ್ಲಿ ಇದೆಯಾ? ಮರಾಠಿ, ಹಿಂದಿ, ಇಂಗ್ಲಿಷ್ ಆದರೂ ಸರಿ. ಹೇಗೆ ಹುಡುಕುವುದು? ಹಿಂದೆ ಎರಡು ಮೂರು ದಪ್ಪ ಪುಸ್ತಕ ಹಿಡಿದು ನೂರನೇ ಪುಟಕ್ಕೆ ಕೈಬಿಟ್ಟಿದ್ದೇನೆ. ಹೆಸರುಗಳೇ ತಲೆಗೆ ಹತ್ತಲಿಲ್ಲ. ಇನ್ನೊಂದು, ನಮ್ಮ ಅತ್ತೆ ಕುಂದಾಪುರದ ಕಡೆಯವರು. ಕಣ್ಣು ಮಂದ. ರಾತ್ರಿ ಅವರಿಗೆ ಓದಿ ಹೇಳುವಂಥದ್ದೂ ಒಂದು ಬೇಕು.

ಉತ್ತರ: ಮುಂಬೈ ಉಪನಗರದ ಒಂದು ಸಂಘದ ಗ್ರಂಥಾಲಯದಲ್ಲಿ ಕನ್ನಡ ಕಪಾಟು ನೋಡಿಕೊಳ್ಳುತ್ತಾ ನನಗೆ ಇಪ್ಪತ್ತು ವರ್ಷದ ಮೇಲಾಯಿತು. ನಿಮ್ಮ ಹಾಗೆ ದೊಡ್ಡ ಪುಸ್ತಕ ಮುಗಿಸಿ ಬಂದವರನ್ನು ದೂರದಿಂದಲೇ ಗುರುತು ಹಿಡಿಯಬಲ್ಲೆ. ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕ ತೆಗೆಯುತ್ತಾರೆ, ತೂಗಿ ನೋಡುತ್ತಾರೆ, ಮತ್ತೆ ಒಳಗೆ ತಳ್ಳುತ್ತಾರೆ. ಯಾವುದೂ ಹಿಡಿಸುವುದಿಲ್ಲ. ಅವರಿಗೆ ಹೊಸ ಪುಸ್ತಕ ಬೇಡ, ಹಳೆಯದರ ಆರನೇ ಭಾಗ ಬೇಕು, ಅದು ಇಲ್ಲ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಒಂದು ಸಾಮಾನ್ಯ ಮನೆಯ ಕಥೆ ಐದು ಸಂಪುಟದಲ್ಲಿ ಬೇಕು ಅಂದರೆ ಕನ್ನಡದಲ್ಲಿ ಕೈಗೆ ಸಿಗುವುದು ಕಷ್ಟ. ಕಾರಣ ಲೇಖಕರ ಸೋಮಾರಿತನ ಅಲ್ಲ. ನಮ್ಮಲ್ಲಿ ಎಷ್ಟೋ ಕಾದಂಬರಿ ಮೊದಲು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಮುಗಿದ ಮೇಲೆ ಒಂದೇ ಪುಸ್ತಕವಾಗಿ ಅಚ್ಚಾದವು. ಸಾವಿರ ಪ್ರತಿ ಹಾಕಿಸಿ ಅದು ಖರ್ಚಾಗಲಿ ಅಂತ ದೇವರಿಗೆ ಹರಕೆ ಹೊರುವ ಪ್ರಕಾಶಕ ಎರಡನೇ ಭಾಗಕ್ಕೆ ಯಾಕೆ ಕೈ ಹಾಕುತ್ತಾನೆ ಹೇಳಿ? ಮೊದಲನೆಯದು ಓದದವರು ಎರಡನೆಯದು ಕೊಳ್ಳುವುದಿಲ್ಲವಲ್ಲ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಕಾದಂಬರಿ ಅಂದರೆ ಮೂರು ಸಂಪುಟ ಅನ್ನುವ ರೂಢಿಯೇ ಇತ್ತು. ಅಲ್ಲಿ ಚಂದಾ ಕಟ್ಟಿಸಿಕೊಂಡು ಪುಸ್ತಕ ಕೊಡುವ ದೊಡ್ಡ ಗ್ರಂಥಾಲಯಗಳಿದ್ದವು, ಒಂದೇ ಕಾದಂಬರಿಯನ್ನು ಒಂದೇ ಸಲ ಮೂರು ಮನೆಗೆ ಕೊಡಬಹುದಿತ್ತು. ವ್ಯಾಪಾರ ಅಷ್ಟೇ. ನಮಗೆ ಆ ಅನುಕೂಲ ಇರಲಿಲ್ಲ, ಹಾಗಾಗಿ ಮೂರು ತಲೆಮಾರನ್ನು ಒಂದೇ ರಟ್ಟಿನೊಳಗೆ ಒತ್ತಿ ತುಂಬಿದೆವು. ಅಂಗಡಿಯಲ್ಲಿ "ಸಂಪುಟ ಇದೆಯಾ" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. "ಅಜ್ಜನಿಂದ ಮೊಮ್ಮಗನ ತನಕ ಬರುವ ಕಥೆ ಕೊಡಿ" ಅನ್ನಿ. ಹತ್ತು ತೆಗೆದು ಇಡುತ್ತಾರೆ.

ನಿಮಗೆ ಈಗ ಖಾಲಿ ಅನ್ನಿಸುತ್ತಿರುವುದು ಆ ಮನೆ. ಸಸೆಕ್ಸಿನ ಆ ಮನೆಯ ಮೆಟ್ಟಿಲು, ಊಟದ ಕೋಣೆ, ಯಾರು ಎಲ್ಲಿ ಮಲಗುತ್ತಾರೆ ಅನ್ನುವುದು ಎಲ್ಲಾ ನಿಮಗೆ ಗೊತ್ತಿತ್ತು, ಅಲ್ವಾ? ಮನೆತನದ ಕಾದಂಬರಿಯಲ್ಲಿ ನಮ್ಮನ್ನು ಹಿಡಿದಿಡುವುದು ಕೈಯಿಂದ ಕೈಗೆ ದಾಟುವ ಒಂದು ವಸ್ತು ಅಂತ ನನ್ನ ಲೆಕ್ಕ. ಅದು ಗದ್ದೆ ಇರಬಹುದು, ಸಾಲ ಇರಬಹುದು, ಅಜ್ಜಿಯ ಸರ ಇರಬಹುದು, ಅಣ್ಣತಮ್ಮಂದಿರ ಮಾತು ಬಿಟ್ಟ ಜಗಳ ಇರಬಹುದು. ಅಜ್ಜ ಮಾಡಿದ್ದಕ್ಕೆ ಮೊಮ್ಮಗ ತೆರಬೇಕು. ಅದಿಲ್ಲದಿದ್ದರೆ ಎಂಟು ಸಂಪುಟ ಇದ್ದರೂ ಅದು ಮದುವೆ ಮನೆಯ ಗದ್ದಲ ಅಷ್ಟೇ, ಜನ ಜಾಸ್ತಿ, ಪರಿಚಯ ಕಡಿಮೆ.

ಹಾಗಾಗಿ ನಾನು ಪುಸ್ತಕ ಪರೀಕ್ಷೆ ಮಾಡುವುದು ಹೀಗೆ. ಬೆನ್ನಿನ ಮೇಲಿನ ಹೊಗಳಿಕೆ ಓದುವುದಿಲ್ಲ. ನಡುವೆ ತೆರೆದು, ಮೊದಲ ತಲೆಮಾರಿನವರು ತೀರಿಕೊಳ್ಳುವ ಜಾಗ ಹುಡುಕುತ್ತೇನೆ. ಅದರ ಮುಂದಿನ ಹತ್ತು ಪುಟ ಅಲ್ಲೇ ನಿಂತು ಓದುತ್ತೇನೆ. ಸತ್ತವರು ಇನ್ನೂ ಮನೆಯಲ್ಲಿ ಇದ್ದಾರಾ, ಅಂದರೆ ಅವರ ಕಟ್ಟಳೆ, ಅವರ ಸಾಲ, ಅವರು ಕೂರುತ್ತಿದ್ದ ಜಾಗ ಯಾರನ್ನಾದರೂ ಕಾಡುತ್ತಿದೆಯಾ ಅಂತ ನೋಡುತ್ತೇನೆ. ಇದ್ದರೆ ಮನೆಗೆ ತರುತ್ತೇನೆ. ಕಥೆಯ ಗುಟ್ಟು ಒಂದು ಚೂರು ಬಯಲಾಗುತ್ತದೆ, ನಿಜ, ಆದರೆ ಇಂಥ ಪುಸ್ತಕದಲ್ಲಿ ಅಜ್ಜ ಸಾಯುವುದು ಗುಟ್ಟೇನೂ ಅಲ್ಲ.

ಈ ಪರೀಕ್ಷೆಯಲ್ಲಿ ಕನ್ನಡದಲ್ಲಿ ನನಗೆ ಮೊದಲು ಬರುವುದು ಶಿವರಾಮ ಕಾರಂತರ ಮರಳಿ ಮಣ್ಣಿಗೆ. ಶಾಲೆಯಲ್ಲಿ ಹೆಸರು ಕೇಳಿ ಬಿಟ್ಟಿರುತ್ತೀರಿ, ಈಗ ಓದಿ. ಕೋಡಿ ಅನ್ನುವ ಕಡಲ ದಂಡೆಯ ಊರು. ರಾಮ ಐತಾಳರು, ಅವರ ಮಗ ಲಚ್ಚ, ಅವನ ಮಗ ರಾಮ. ಮೂರೇ ಹೆಸರು, ಅದರಲ್ಲೂ ಎರಡು ಒಂದೇ, ನಿಮಗೆ ಹೆಸರಿನ ತೊಂದರೆ ಬರುವುದಿಲ್ಲ! ಆದರೆ ಪುಸ್ತಕ ನಿಂತಿರುವುದು ಹೆಂಗಸರ ಮೇಲೆ. ಐತಾಳರ ಹೆಂಡತಿ ಪಾರೋತಿ, ವಿಧವೆ ತಂಗಿ ಸರಸೋತಿ, ಆಮೇಲೆ ಲಚ್ಚನ ಹೆಂಡತಿ ನಾಗವೇಣಿ. ಇವರು ಗದ್ದೆಯಲ್ಲಿ, ಅಡಿಗೆ ಮನೆಯಲ್ಲಿ ದುಡಿದು ಸವೆಯುವುದನ್ನು ಕಾರಂತರು ಕಣ್ಣೀರು ಸುರಿಸದೆ ಬರೆಯುತ್ತಾರೆ, ಕಣ್ಣೀರು ಬರುವುದು ನಮಗೆ. ಮಗನನ್ನು ಇಂಗ್ಲಿಷ್ ಓದಿಸಿದರೆ ಮನೆ ಉದ್ಧಾರ ಅಂದುಕೊಂಡ ಅಪ್ಪ, ಓದಿ ಹಾಳಾದ ಮಗ, ಕಳೆದದ್ದನ್ನು ಹೆಕ್ಕಿಕೊಳ್ಳಲು ನೋಡುವ ಮೊಮ್ಮಗ. ಪಕ್ಕದ ಮನೆಯ ಶೀನಮಯ್ಯನ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲು ಹಿಡಿಯುತ್ತಾರೆ, ಊರಿಗೆ ದುಡ್ಡು ಬರುತ್ತದೆ, ಐತಾಳರಿಗೆ ಹೊಟ್ಟೆಯಲ್ಲಿ ಸಂಕಟ. ಮಾಟುಂಗಾದಲ್ಲಿ ಇಡ್ಲಿ ತಿನ್ನುತ್ತಾ ಈ ಭಾಗ ನೆನಪಾದರೆ ನಗು ಬರುತ್ತದೆ. ನಮ್ಮಲ್ಲಿ ಎಷ್ಟು ಜನರ ಅಜ್ಜಂದಿರ ಕಥೆ ಅದು.

ಭೈರಪ್ಪನವರ ಗೃಹಭಂಗ (1970) ಇನ್ನೊಂದು. ತಿಪಟೂರು, ಚನ್ನರಾಯಪಟ್ಟಣದ ಸೀಮೆ, ಪ್ಲೇಗು ಬಂದ ಕಾಲ. ನಂಜಮ್ಮ ಅನ್ನುವ ಸೊಸೆ ಒಬ್ಬಳೇ ಮನೆ ಎತ್ತಿ ಹಿಡಿದಿದ್ದಾಳೆ, ಅತ್ತೆ ಗಂಗಮ್ಮ ಮತ್ತು ಗಂಡ ಸೇರಿ ಕೆಡವುತ್ತಾರೆ. ಅದ್ಭುತ ಪುಸ್ತಕ. ಆದರೆ ಅತ್ತೆಯ ಎದುರಿಗೆ ಗಟ್ಟಿಯಾಗಿ ಓದಬೇಡಿ ಅಂತ ನನ್ನ ಸಲಹೆ, ಗಂಗಮ್ಮನ ಬೈಗುಳ ಬಂದಾಗ ಇಬ್ಬರಿಗೂ ಮುಜುಗರ. ಅವರದ್ದೇ ವಂಶವೃಕ್ಷ (1965) ನಂಜನಗೂಡು ಮೈಸೂರಿನ ಕಥೆ. ವಂಶ ಅನ್ನುವ ಮಾತನ್ನು ಶ್ರೀನಿವಾಸ ಶ್ರೋತ್ರಿಗಳು ಎಷ್ಟು ಬಲವಾಗಿ ನಂಬಿರುತ್ತಾರೋ ಅಷ್ಟೇ ಬಲವಾಗಿ ಪುಸ್ತಕ ಅದನ್ನು ಅಲ್ಲಾಡಿಸುತ್ತದೆ. ಇದಕ್ಕಿಂತ ಹೆಚ್ಚು ಹೇಳಿದರೆ ಕೆಡುತ್ತದೆ.

ಕುವೆಂಪು ಅವರ ಮಲೆಗಳಲ್ಲಿ ಮದುಮಗಳು (1967) ಒಂದು ಮನೆಯ ಕಥೆ ಅಲ್ಲ, ತೀರ್ಥಹಳ್ಳಿ ಕಡೆಯ ಒಂದು ಇಡೀ ಕಾಡಿನ ಮನೆಗಳ ಕಥೆ. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು. ತಲೆಮಾರು ಬದಲಾಗುವುದಿಲ್ಲ, ಕಾಲ ಉದ್ದಕ್ಕೆ ಹರಿಯುವ ಬದಲು ಅಗಲಕ್ಕೆ ಹರಡುತ್ತದೆ. ಆದರೂ ನಿಮಗೆ ಇದನ್ನು ಹೇಳುತ್ತಿರುವುದು, ಮನೆಯೊಳಗೆ ಕೂತ ಹಾಗೆ ಅನ್ನಿಸುವ ಪುಸ್ತಕ ಕನ್ನಡದಲ್ಲಿ ಇದಕ್ಕಿಂತ ಇನ್ನೊಂದಿಲ್ಲ ಅಂತ. ಸಮಸ್ಯೆ ಗಾತ್ರದ್ದು. ಏಳುನೂರು ಪುಟಕ್ಕೂ ಮಿಕ್ಕಿದ ಪುಸ್ತಕವನ್ನು ಡೊಂಬಿವಲಿ ಫಾಸ್ಟ್‌ನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಪುಸ್ತಕ ಅಂತ ಹಿಡಿಯಲು ಆಗುತ್ತದೆಯೇ? ನನ್ನ ಸ್ನೇಹಿತರೊಬ್ಬರು ಗಿರ್‌ಗಾಂವ್‌ನ ಒಬ್ಬ ಬೈಂಡರ್ ಹತ್ತಿರ ಕೊಟ್ಟು ತಮ್ಮ ಪ್ರತಿಯನ್ನು ಮೂರು ತುಂಡು ಮಾಡಿಸಿ, ಮೂರಕ್ಕೂ ಬೇರೆ ಬೇರೆ ರಟ್ಟು ಹಾಕಿಸಿಕೊಂಡರು. ಮೊದಲು ಕೇಳಿದಾಗ ನನಗೆ ಎದೆ ಝಲ್ಲೆಂದಿತು. ಈಗ ಅನ್ನಿಸುತ್ತದೆ, ಕನ್ನಡದಲ್ಲಿ ಸಂಪುಟ ಇಲ್ಲದಿದ್ದರೆ ನಾವೇ ಮಾಡಿಕೊಂಡರೆ ತಪ್ಪೇನು? ಸ್ವಂತ ಪ್ರತಿ ಆಗಿದ್ದರೆ ಮಾತ್ರ ಸ್ವಾಮಿ, ನಮ್ಮ ಗ್ರಂಥಾಲಯದ್ದಲ್ಲ.

ನಿಜವಾಗಿ ಭಾಗ ಭಾಗವಾಗಿ ಬೇಕು, ಒಂದು ಮುಗಿದರೆ ಇನ್ನೊಂದು ಕಾದಿರಬೇಕು ಅಂದರೆ ತ.ರಾ.ಸು. ಅವರ ಹತ್ತಿರ ಹೋಗಬೇಕು. ಚಿತ್ರದುರ್ಗದ ನಾಯಕರ ಮನೆತನ. ರಾಜರ ಕಥೆ ಅಂತ ಹಿಂಜರಿಯಬೇಡಿ, ಒಳಗೆ ಇರುವುದು ಅಧಿಕಾರಕ್ಕೆ ಕಚ್ಚಾಡುವ ಮನೆಯವರೇ, ಕೈಯಲ್ಲಿ ಕತ್ತಿ ಇದೆ ಅಷ್ಟೇ. ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ, ಈ ಮೂರನ್ನು ಇದೇ ಸಾಲಿನಲ್ಲಿ ಓದಬೇಕು. ಒಂದರ ಕೊನೆ ಇನ್ನೊಂದರ ಬಾಯಿಗೆ ಬಂದು ನಿಲ್ಲುತ್ತದೆ. ಆಮೇಲೆ ಇನ್ನೂ ಹಸಿವಿದ್ದರೆ ದುರ್ಗಾಸ್ತಮಾನ (1982). ಹೈದರಾಲಿ 1779ರಲ್ಲಿ ದುರ್ಗವನ್ನು ಹಿಡಿದ ಹೊತ್ತಿನ ಕಥೆ, ತ.ರಾ.ಸು. ತೀರಿಕೊಂಡ ಮೇಲೆ 1985ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದು ಎಚ್ಚರ ಮಾತ್ರ. ಹಳೆ ಮುದ್ರಣಗಳ ರಟ್ಟಿನ ಮೇಲೆ ಎಷ್ಟನೇ ಭಾಗ ಅಂತ ಬರೆದಿರುತ್ತದೆ ಅಂತ ನಂಬಬೇಡಿ, ಮೇಲಿನ ಸಾಲನ್ನು ಫೋನಿನಲ್ಲಿ ಬರೆದಿಟ್ಟುಕೊಂಡು ಹೋಗಿ. ಮತ್ತೆ ಮೂರೂ ಒಟ್ಟಿಗೆ ಸಿಗದೆ ಶುರು ಮಾಡಬೇಡಿ. ನಮ್ಮಲ್ಲಿ ರಕ್ತರಾತ್ರಿಯನ್ನು ಒಬ್ಬರು ತೆಗೆದುಕೊಂಡು ಹೋಗಿ ಒಂಬತ್ತು ವರ್ಷ ಆಯಿತು, ಮೊದಲ ಭಾಗ ಓದಿದವರು ಪ್ರತಿ ವಾರ ಬಂದು ನನ್ನ ಮುಖ ನೋಡುತ್ತಾರೆ.

ಮುಂಬೈಯವರು ತಪ್ಪಿಸಲೇಬಾರದ ಒಂದು ಗೋಪಾಲಕೃಷ್ಣ ಪೈ ಅವರ ಸ್ವಪ್ನ ಸಾರಸ್ವತ (2009). ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಕಾಟ ತಡೆಯಲಾರದೆ ಗೋವಾ ಬಿಟ್ಟ ಸಾರಸ್ವತರು ದಕ್ಷಿಣಕ್ಕೆ ಇಳಿದು, ಕರಾವಳಿಯಲ್ಲಿ ತಲೆಮಾರುಗಟ್ಟಲೆ ಬೇರು ಬಿಡುವ ಕಥೆ. ಇಲ್ಲಿ ದಾಟಿ ಬರುವುದು ಗದ್ದೆಯಲ್ಲ, ದೇವರು, ಭಾಷೆ, ಕಳೆದುಕೊಂಡ ಊರಿನ ನೆನಪು. ಗೋವಾಕ್ಕೆ ಹೋದಾಗ ಮಾರ್ದೋಳದ ಮ್ಹಾಳಸಾ ದೇವಸ್ಥಾನಕ್ಕೆ ಹೋಗಿರುತ್ತೀರಲ್ಲ, ಆ ದೇವಿ ಮೂಲತಃ ವೆರ್ಣೆಯಲ್ಲಿದ್ದವಳು. ಪೋರ್ಚುಗೀಸರು ಆ ಗುಡಿ ಕೆಡವಿದ ಕಾಲದಲ್ಲಿ ಇಲ್ಲಿಗೆ ಬಂದಳು. ಪುಸ್ತಕ ಓದಿ ಆಮೇಲೆ ಹೋಗಿ ನೋಡಿ, ಬೀಚಿಗೆ ಹೋಗುವ ಮನಸ್ಸೇ ಬರುವುದಿಲ್ಲ.

ಸುಮ್ನೆ ಒಂದು ಮಾತು. ಮುಂಬೈಯಲ್ಲಿ ಕೂತು ಬರೆದ ನಮ್ಮ ದೊಡ್ಡ ಕನ್ನಡ ಕಾದಂಬರಿಕಾರರು ಕೂಡುಕುಟುಂಬದ ಉದ್ದ ಕಥೆಗಿಂತ ಒಬ್ಬಂಟಿ ಮನುಷ್ಯನ ಕಡೆಗೇ ಹೆಚ್ಚು ವಾಲಿದರು. ಯಶವಂತ ಚಿತ್ತಾಲರ ಶಿಕಾರಿ (1979) ನೋಡಿ, ನಾಗಪ್ಪ, ಅವನ ಕಂಪನಿ, ಅವನ ಭಯ. ಕುಟುಂಬ ಅಂದರೆ ಬಾಲ್ಯದ ಒಂದು ಗಾಯ. ಈ ಊರಿನ ಖೋಲಿಯಲ್ಲಿ ಮೂರು ತಲೆಮಾರು ಹಿಡಿಸುವುದಿಲ್ಲ, ಅದಕ್ಕೇ ಕಾದಂಬರಿಯಲ್ಲೂ ಹಿಡಿಸಲಿಲ್ಲವೋ ಏನೋ. ನನ್ನ ಊಹೆ ಅಷ್ಟೇ, ಒಪ್ಪದವರು ಬೇಕಾದಷ್ಟು ಜನ ಇದ್ದಾರೆ.

ಈಗ ಮರಾಠಿ. ನಿಮಗೆ ಮರಾಠಿ ಓದಲು ಬರುತ್ತದೆ ಅಂದರೆ ನಿಮ್ಮ ಅದೃಷ್ಟ. ಶ್ರೀ. ನಾ. ಪೆಂಡ್ಸೆ ಅವರ ತುಂಬಾಡಚೇ ಖೋತ, 1987ರಲ್ಲಿ ಬಂದದ್ದು, ಎರಡು ದಪ್ಪ ಸಂಪುಟ. ನೀವು ಕೇಳಿದ್ದು ಇದನ್ನೇ. ಕೊಂಕಣದ ಜಗಬುಡಿ ನದಿ ದಂಡೆ, ಖೋತರ ಮನೆತನ, ಏರಿದ್ದು, ಮೆರೆದದ್ದು, ಇಳಿದದ್ದು. ಖೋತ ಅಂದರೆ ಸರಕಾರದ ಪರವಾಗಿ ಹಳ್ಳಿಯ ಕಂದಾಯ ಎತ್ತುವ ಹಕ್ಕಿದ್ದವನು, ಮಾತಿಗೆ ಹಕ್ಕು, ನಡತೆಗೆ ಊರಿನ ಯಜಮಾನ. 1937ರಲ್ಲಿ ಅಂಬೇಡ್ಕರ್ ಈ ಪದ್ಧತಿ ತೆಗೆದುಹಾಕಲು ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದಿದ್ದರು, ಕಾನೂನು ಆದದ್ದು ಸ್ವಾತಂತ್ರ್ಯದ ಮೇಲೆ. ಇದು ತಿಳಿದಿದ್ದರೆ ಆ ಮನೆಯ ಗತ್ತೂ ಅರ್ಥವಾಗುತ್ತದೆ, ಆ ಗತ್ತಿನ ಕೆಳಗೆ ಒತ್ತಿಹೋದ, ಗೇಣಿಗೆ ಉಳುವ ಕುಳವಾಡಿಗಳೂ ಕಾಣುತ್ತಾರೆ. ನಮ್ಮಲ್ಲಿ 1974ರ ಭೂಸುಧಾರಣೆಗೆ ಮುಂಚಿನ ಗೇಣಿ ನೆನಪಿಸಿಕೊಳ್ಳಿ, ತುಂಬಾ ದೂರ ಇಲ್ಲ. ಪೆಂಡ್ಸೆ ಬಹಳ ವರ್ಷ ಬೆಸ್ಟ್‌ನಲ್ಲಿ ನೌಕರಿ ಮಾಡಿದವರು. ಹಗಲು ಬಸ್ಸಿನ ಕಂಪನಿಯ ಕೆಲಸ, ತಲೆಯೊಳಗೆ ದಾಪೋಲಿ ಕಡೆಯ ಕೊಂಕಣ. ಕೊಂಕಣದ ಆಡುಮಾತು ಮೊದಲ ಐವತ್ತು ಪುಟ ಕಾಲಿಗೆ ತೊಡರುತ್ತದೆ. ನಾನು ಮೊದಲ ಸಲ ಅಲ್ಲೇ ಬಿಟ್ಟಿದ್ದೆ, ಎರಡನೇ ಸಲ ಗಟ್ಟಿಯಾಗಿ ಓದಿಕೊಂಡು ದಾಟಿದೆ.

ಹಿಂದಿಯಲ್ಲಿ ಓದುವುದಾದರೆ ಬಂಗಾಳಿಯಿಂದ ಬಂದ ಆಶಾಪೂರ್ಣಾ ದೇವಿಯವರ ಮೂರು: ಪ್ರಥಮ ಪ್ರತಿಶ್ರುತಿ (1964), ಸುವರ್ಣಲತಾ (1967), ಬಕುಲ ಕಥಾ (1974). ನಾನು ಒಬ್ಬರಿಗೆ ಒಂದೇ ಪುಸ್ತಕ ಹೇಳಬೇಕು ಅಂದರೆ ಈ ಮೂರನ್ನು ಹೇಳಿ ಜಗಳ ಮಾಡುತ್ತೇನೆ. ಅಜ್ಜಿ ಸತ್ಯವತಿ, ಮಗಳು ಸುವರ್ಣಲತಾ, ಮೊಮ್ಮಗಳು ಬಕುಲ. ಎಂಟು ವರ್ಷಕ್ಕೆ ಮದುವೆಯಾದ ಹುಡುಗಿ ಅಕ್ಷರ ಕಲಿಯುತ್ತಾಳೆ, ಪ್ರಶ್ನೆ ಕೇಳುತ್ತಾಳೆ, ಅವಳ ಪ್ರಶ್ನೆಗೆ ಉತ್ತರ ಸಿಗುವಷ್ಟರಲ್ಲಿ ಮೊಮ್ಮಗಳು ಲೇಖಕಿ ಆಗಿರುತ್ತಾಳೆ, ಆ ಉತ್ತರವೂ ಪೂರ್ತಿ ಸಮಾಧಾನ ಕೊಡುವುದಿಲ್ಲ. ಎರಡನೇ ಭಾಗದಲ್ಲಿ ಸುವರ್ಣಲತಾ ಕೇಳುವುದು ಏನು ಗೊತ್ತಾ? ಹೊಸ ಮನೆಗೆ ಒಂದು ಬಾಲ್ಕನಿ. ನಿಂತು ರಸ್ತೆ ನೋಡಲು. ಗಂಡ ಹೂಂ ಅಂದು ಮೋಸ ಮಾಡುತ್ತಾನೆ. ಬಾಲ್ಕನಿಗೆ ಗ್ರಿಲ್ ಹಾಕಿ ಮಗನ ಓದುವ ಕೋಣೆ ಮಾಡಿಕೊಂಡ ನಮ್ಮ ಊರಿನಲ್ಲಿ ಕೂತು ಇದನ್ನು ಓದುವಾಗ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕಾಗುತ್ತದೆ. 1976ರಲ್ಲಿ ಅವರಿಗೆ ಜ್ಞಾನಪೀಠ ಬಂತು, ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು. ಮೂರನೇ ಭಾಗ ಸ್ವಲ್ಪ ಸಡಿಲ, ಅದನ್ನೂ ಹೇಳಿಬಿಡಬೇಕು. ಆದರೆ ಅಷ್ಟು ಹೊತ್ತಿಗೆ ನೀವು ಮನೆಯವರಾಗಿರುತ್ತೀರಿ, ತಪ್ಪು ಎಣಿಸುವುದಿಲ್ಲ.

ಇಂಗ್ಲಿಷಿನಲ್ಲಿ ನಿಮಗೆ ಸರಿಯಾಗಿ ಕೂರುವುದು ಈಜಿಪ್ಟಿನ ನಗೀಬ್ ಮಹ್ಫೂಜ್ ಅವರ ಕೈರೋ ತ್ರಿವಳಿ. ಮೂರು ಪುಸ್ತಕಕ್ಕೂ ಕೈರೋದ ಬೀದಿ, ಓಣಿಗಳ ಹೆಸರು. 1917ರಿಂದ 1944ರ ತನಕದ ಕಥೆ, ಹೊರಬಂದದ್ದು 1956 ಮತ್ತು 57ರಲ್ಲಿ. ಮೊದಲು ಒಂದೇ ದೊಡ್ಡ ಹಸ್ತಪ್ರತಿ ಆಗಿತ್ತಂತೆ, ಇಷ್ಟು ದಪ್ಪದ್ದು ಅಚ್ಚು ಹಾಕಲು ಆಗುವುದಿಲ್ಲ ಅಂತ ಪ್ರಕಾಶಕರು ಮೂರು ಮಾಡಿದರು, ಗಿರ್‌ಗಾಂವ್‌ನ ಬೈಂಡರ್ ಮಾಡಿದ ಹಾಗೆ. ಮನೆಯಲ್ಲಿ ಹುಲಿ, ಹೊರಗೆ ಹಾಡು ಕುಡಿತದ ರಸಿಕನಾದ ಅಪ್ಪ. ಗಂಡನ ಅಪ್ಪಣೆಯಿಲ್ಲದೆ ಹೊಸ್ತಿಲು ದಾಟದ ಅಮೀನಾ ಅವನು ಊರಲ್ಲಿ ಇಲ್ಲದ ದಿನ ಹತ್ತಿರದ ದರ್ಗಾಕ್ಕೆ ಹೋಗಿ ಬರುತ್ತಾಳೆ, ಆಮೇಲೆ ನಡೆಯುವುದು ನೋಡಿ. ಬೆಳಗಿನ ರೊಟ್ಟಿ ಹಿಟ್ಟು ನಾದುವ ಸದ್ದಿನಿಂದ ಮನೆ ಏಳುವ ಪುಟಗಳು ಇವೆ, ಅದನ್ನು ಓದಿದ ಮೇಲೆ ಕೈರೋ ನಿಮಗೆ ಹುಬ್ಬಳ್ಳಿಗಿಂತ ದೂರ ಅನ್ನಿಸುವುದಿಲ್ಲ.

ಉಳಿದವು ಬೇಗ ಹೇಳುತ್ತೇನೆ. ಗಾಲ್ಸ್‌ವರ್ದಿಯ ಫೋರ್ಸೈಟ್ ಮನೆತನ ನಿಮ್ಮ ಕ್ಯಾಜಲೆಟ್‌ಗಳಿಗೆ ಅಜ್ಜನ ಸಮಾನ. ಮೊದಲ ಮೂರು ಓದಿ, ಹಿಡಿಸಿದರೆ ಮುಂದೆ ಇನ್ನೂ ಆರು ಇವೆ. ಸಿಗ್ರಿಡ್ ಉಂಡ್‌ಸೆಟ್ ಬರೆದ ಕ್ರಿಸ್ಟಿನ್ ಕಥೆ ಮೂರು ಸಂಪುಟ, ನಾರ್ವೆಯ ಹದಿನಾಲ್ಕನೇ ಶತಮಾನ, ಮಳೆಗಾಲಕ್ಕೆ ಚೆನ್ನ. ಥಾಮಸ್ ಮಾನ್‌ನ ಬುಡೆನ್‌ಬ್ರೂಕ್ಸ್ ಒಂದೇ ಪುಸ್ತಕ, ನಾಲ್ಕು ತಲೆಮಾರು, ವ್ಯಾಪಾರದ ಮನೆ ಹೇಗೆ ಒಳಗಿನಿಂದ ಸೋರುತ್ತದೆ ಅನ್ನುವುದು ಬ್ಯಾಂಕಿನವರಿಗೆ ವಿಶೇಷವಾಗಿ ರುಚಿಸುತ್ತದೆ. ಫ್ರೆಂಚ್ ಲೇಖಕ ಜೋಲಾನ ಇಪ್ಪತ್ತು ಸಂಪುಟಕ್ಕೆ ಕೈ ಹಾಕಬೇಡಿ. ಕೆಟ್ಟದ್ದು ಅಂತಲ್ಲ, ಅದರಲ್ಲಿ ರಕ್ತಸಂಬಂಧ ಇದೆ, ಒಂದೇ ಮನೆ ಇಲ್ಲ. ನೀವು ಈಗ ಹುಡುಕುತ್ತಿರುವುದು ಅದಲ್ಲ.

ಹೆಸರು ಮರೆಯುವುದಕ್ಕೆ ಮದ್ದು ಸುಲಭ. ಒಂದು ರಟ್ಟಿನ ಚೀಟಿಯ ಮೇಲೆ ಮನೆಯ ನಕ್ಷೆ ಬರೆಯಿರಿ. ವಂಶದ ಮರ ಬೇಡ, ಮನೆ. ಯಾರು ಜಗಲಿಯಲ್ಲಿ, ಯಾರು ಅಡಿಗೆ ಮನೆಯಲ್ಲಿ, ಯಾರು ಅಟ್ಟದ ಮೇಲೆ ಅಂತ ಹೆಸರು ಹಾಕಿ. ನಮ್ಮ ಸಂಬಂಧಿಕರನ್ನು ನಾವು ನೆನಪಿಟ್ಟುಕೊಳ್ಳುವುದೂ ಹಾಗೇ ತಾನೇ, "ಆ ಮೂಲೆ ಕೋಣೆಯ ಚಿಕ್ಕಮ್ಮ" ಅಂತ. ಅದೇ ಚೀಟಿ ಪುಟದ ಗುರುತಿಗೂ ಆಯಿತು. ನೂರು ಪುಟಕ್ಕೆ ಹಿಡಿಸದಿದ್ದರೆ ಬಿಡುವ ನಿಯಮವನ್ನು ಈ ಬಗೆಯ ಪುಸ್ತಕಕ್ಕೆ ಹಾಕಬೇಡಿ, ಮೊದಲ ನೂರು ಪುಟದಲ್ಲಿ ಇನ್ನೂ ಪಾಯ ಅಗೆಯುತ್ತಿರುತ್ತಾರೆ. ಒಂದು ಮದುವೆ ಅಥವಾ ಒಂದು ಸಾವು ಆಗುವ ತನಕ ತಡೆಯಿರಿ.

ಎಲ್ಲಿ ಸಿಗುತ್ತದೆ ಅಂದರೆ, ಕನ್ನಡಕ್ಕೆ ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹೀಮಿನ ಕರ್ನಾಟಕ ಸಂಘ, ನಿಮ್ಮ ಡೊಂಬಿವಲಿಯ ಕನ್ನಡ ಸಂಘ ಇಲ್ಲೆಲ್ಲಾ ಮೊದಲು ವಿಚಾರಿಸಿ. ಮರಾಠಿಗೆ ದಾದರಿನ ಮುಂಬಯಿ ಮರಾಠಿ ಗ್ರಂಥ ಸಂಗ್ರಹಾಲಯ ಇದೆ, 1898ರದ್ದು. ಇಂಗ್ಲಿಷಿನವು ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ, ಕಿಂಗ್ಸ್ ಸರ್ಕಲ್ಲಿನಲ್ಲಿ ಹಳೆ ಪ್ರತಿ ಸಿಗಬಹುದು, ಆದರೆ ಅಲ್ಲಿ ಎರಡನೇ ಭಾಗ ಮಾತ್ರ ಕಂಡರೆ ಆಸೆಗೆ ಬಿದ್ದು ಕೊಳ್ಳಬೇಡಿ. ಮೊದಲನೆಯದು ಹುಡುಕುವುದರಲ್ಲಿ ಎರಡು ವರ್ಷ ಹೋಗುತ್ತದೆ, ಅನುಭವದ ಮಾತು. ದಪ್ಪದ್ದನ್ನು ಲೋಕಲ್‌ನಲ್ಲಿ ಫೋನಿನ ಮೇಲೆ, ಮನೆಯಲ್ಲಿ ಕಾಗದದ ಮೇಲೆ ಅಂತ ಎರಡೂ ಇಟ್ಟುಕೊಂಡು ಓದುವವರೂ ಇದ್ದಾರೆ.

ಇನ್ನು ನಿಮ್ಮ ಅತ್ತೆ. ಕುಂದಾಪುರದವರು ಅಂದಿರಿ, ಹಾಗಾದರೆ ಮರಳಿ ಮಣ್ಣಿಗೆಯೇ. ಆ ಮಣ್ಣು, ಆ ಹೊಳೆ, ಆ ಅಡಿಗೆ ಅವರಿಗೆ ಗೊತ್ತಿರುವಂಥದ್ದು. ದಿನಕ್ಕೆ ಹದಿನೈದು ಪುಟ ಅಂತ ಲೆಕ್ಕ ಹಾಕಿಕೊಂಡು ಕೂರಬೇಡಿ. ನೀವು ಎರಡು ಪುಟ ಓದುವಷ್ಟರಲ್ಲಿ ಅವರು ನಿಮ್ಮನ್ನು ತಡೆದು, ಆ ಮಾತು ಹಾಗೆ ಹೇಳುವುದಲ್ಲ ಅಂತ ತಿದ್ದುತ್ತಾರೆ, ಆಮೇಲೆ ತಮ್ಮ ತವರಿನ ಸರಸೋತಿಯಂಥ ಅತ್ತೆಯೊಬ್ಬರ ಕಥೆ ಶುರು ಮಾಡುತ್ತಾರೆ, ಅದು ಹತ್ತೂವರೆಗೂ ಮುಗಿಯುವುದಿಲ್ಲ. ಗ್ರಂಥಾಲಯದ ಪ್ರತಿ ಆದರೆ ಮೊದಲೇ ಹೇಳಿ ಎರಡು ತಿಂಗಳ ಗಡುವು ತೆಗೆದುಕೊಳ್ಳಿ.